ಎರಡು ಡೊಮೇನ್, ಒಂದೇ ‘ಸುದ್ದಿ’: ಕಾಸರಗೋಡಿನ ಒಂದು ಮೇಲಿಂಗ್ ಲಿಸ್ಟ್ ಪ್ರಕರಣ

ಕುಂಬಳೆ ಹತ್ತಿರ ಒಂದು ಕನ್ನಡ ಗ್ರಂಥಾಲಯ. ಬದಿಯಡ್ಕ ಕಡೆ ಒಂದು ಕನ್ನಡ ಮಾಧ್ಯಮ ಶಾಲೆ. ಎರಡಕ್ಕೂ ಸ್ವಂತ ಡೊಮೇನ್ (ಮೇಲ್ ವಿಳಾಸದಲ್ಲಿ ‘@’ ಆದಮೇಲೆ ಬರುವ ಹೆಸರು) ಉಂಟು. ಖರ್ಚು ಹಂಚಿಕೊಳ್ಳಲು ಎರಡನ್ನೂ ಒಂದೇ ಬಾಡಿಗೆ ಸರ್ವರ್‌ನಲ್ಲಿ ಇಟ್ಟಿದ್ದಾರೆ. ಮನೆಯಲ್ಲೇ ಒಂದು ಕಂಪ್ಯೂಟರ್ ಇಟ್ಟು ಮೇಲ್ ಸರ್ವರ್ ನಡೆಸುವುದು ನಮ್ಮ ಕಡೆ ಆಗುವ ಮಾತಲ್ಲ. ಆಟಿ ತಿಂಗಳ ಮಳೆಗೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಮೇಲಾಗಿ ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಸಾಮಾನ್ಯವಾಗಿ 25ನೇ ಪೋರ್ಟ್, ಅಂದರೆ ಸರ್ವರ್‌ಗಳು ಮೇಲ್ ದಾಟಿಸುವ ಬಾಗಿಲು, ಮುಚ್ಚಿಯೇ ಇರುತ್ತದೆ.

ಗ್ರಂಥಾಲಯಕ್ಕೆ ‘ಸುದ್ದಿ’ ಅನ್ನುವ ಮೇಲಿಂಗ್ ಲಿಸ್ಟ್ ಇತ್ತು, ಒಂದು ವಿಳಾಸಕ್ಕೆ ಹಾಕಿದ ಮೇಲ್ ಸದಸ್ಯರಿಗೆಲ್ಲ ಹೋಗುವಂಥದ್ದು. ಹೊಸ ಪುಸ್ತಕಗಳ ಪಟ್ಟಿ, ತಾಳಮದ್ದಳೆಯ ಆಹ್ವಾನ, ವಾರ್ಷಿಕ ಸಭೆಯ ನೋಟಿಸು ಎಲ್ಲ ಅದರಲ್ಲೇ ಹೋಗುತ್ತಿತ್ತು. ಮಂಗಳೂರು, ಬೆಂಗಳೂರು, ಗಲ್ಫ್‌ನಲ್ಲಿ ಇರುವ ಊರಿನವರು ಅದರ ಸದಸ್ಯರು. ವಾಟ್ಸಾಪ್ ಗ್ರೂಪ್ ಸಾಲದಾ ಅಂತ ಕೇಳಿದವರೂ ಇದ್ದಾರೆ. ಆದರೆ ಹಳೆಯ ಪತ್ರವ್ಯವಹಾರ ಹುಡುಕಿದಾಗ ಸಿಗಬೇಕು ಅನ್ನುವುದು ಗ್ರಂಥಾಲಯದವರ ಹಠ. ಗ್ರಂಥಾಲಯದವರಿಗೆ ಆ ಹಠ ಇರಬೇಕಾದದ್ದೇ.

ದೂರು ಬಂದದ್ದು ಅಲ್ಲಿನ ಕಾರ್ಯದರ್ಶಿಯಿಂದ. ನಿವೃತ್ತ ಮಾಷ್ಟ್ರು. “ಎಂತ ಮಾರಾಯಾ, ನಮ್ಮ ಲಿಸ್ಟಿಗೆ ಶಾಲೆಯ ವಾರ್ಷಿಕೋತ್ಸವದ ಚಂದಾ ಲೆಕ್ಕ ಬರ್ತಾ ಉಂಟಲ್ಲ? ನಾವೇ ದುಡ್ಡು ಕೇಳ್ತಿದ್ದೇವೆ ಅಂತ ದುಬೈಯವರು ತಿಳ್ಕೊಂಡಿದ್ದಾರೆ.” ನೋಡ್ತೇನೆ ಮಾಷ್ಟ್ರೇ ಅಂದೆ. ಶಾಲೆಗೆ ಕೇಳಿದರೆ ಅಲ್ಲಿನ ಟೀಚರದ್ದು ಬೇರೆಯೇ ದೂರು: “ಹಳೆ ವಿದ್ಯಾರ್ಥಿಗಳಿಗೆ ಅಂತ ನಾವು ‘ಸುದ್ದಿ’ಗೆ ಕಳಿಸಿದ ಮೇಲ್ ಅರ್ಧ ಜನಕ್ಕೂ ಸಿಗುವುದಿಲ್ಲ. ಕೆಲವರದ್ದು ಹೋಗ್ತದೆ, ಕೆಲವರದ್ದು ಎಲ್ಲೋ ನಿಲ್ತದೆ.”

ಸರ್ವರ್‌ನಲ್ಲಿ ಇದ್ದದ್ದು ಮೇಲ್ ಸಾಗಿಸುವ ತಂತ್ರಾಂಶ ಪೋಸ್ಟ್‌ಫಿಕ್ಸ್ ಮತ್ತು ಮೇಲಿಂಗ್ ಲಿಸ್ಟ್ ನಡೆಸುವ ತಂತ್ರಾಂಶ ಮೇಲ್‌ಮ್ಯಾನ್ 2.1. ಹಿಂದೆ ನೋಡಿಕೊಳ್ಳುತ್ತಿದ್ದವರು ಬೇರೆ ಕೆಲಸಕ್ಕೆ ಹೋಗಿದ್ದರು, ಬರೆದಿಟ್ಟ ಟಿಪ್ಪಣಿ ಏನೂ ಇರಲಿಲ್ಲ.

ಮೊದಲು ಕಂಡದ್ದೇ ವಿಚಿತ್ರ. ಗ್ರಂಥಾಲಯದ ಹೆಸರಲ್ಲಿ ಮೇಲ್‌ಮ್ಯಾನ್ ಪುಟ ತೆರೆದರೆ ‘ಸುದ್ದಿ’ ಕಾಣುತ್ತದೆ. ಶಾಲೆಯ ಹೆಸರಲ್ಲಿ ತೆರೆದರೆ ಒಂದು ಲಿಸ್ಟೂ ಇಲ್ಲ. ಸರಿ, ಇಲ್ಲದಿದ್ದರೆ ಮಾಡೋಣ ಅಂತ ಅಲ್ಲಿಂದಲೇ ‘ಸುದ್ದಿ’ ಸೃಷ್ಟಿಸಲು ಹೋದರೆ, ಆ ಲಿಸ್ಟ್ ಆಗಲೇ ಇದೆ ಅನ್ನುತ್ತದೆ. ಹಿಂದಿನವರಿಗೂ ಇದೇ ಉತ್ತರ ಸಿಕ್ಕಿರಬೇಕು. ಅವರು ಶಾಲೆಯ ವಿಳಾಸಕ್ಕೆ ಒಂದು ಪರೀಕ್ಷೆಯ ಮೇಲ್ ಹಾಕಿ, ಅದು ವಾಪಸ್ ಬಾರದ್ದು ನೋಡಿ, ‘ನಡೀತದೆ’ ಅಂತ ಶಾಲೆಗೆ ಹೇಳಿದ್ದರಂತೆ.

ಮೇಲ್ ಲಾಗ್‌ನಲ್ಲಿ (ಸರ್ವರ್ ತಾನು ಮಾಡಿದ್ದನ್ನು ಬರೆದಿಡುವ ಫೈಲು) ಒಂದು ಸಾಲು ನೋಡಿದರೆ ಕಥೆ ಪೂರ್ತಿ ಗೊತ್ತಾಗುತ್ತಿತ್ತು. ಸಾಲಿನ ಎಡಗಡೆ, ಮೇಲ್ ಯಾರಿಗೆ ಅನ್ನುವಲ್ಲಿ, ‘ಸುದ್ದಿ’, ಆಮೇಲೆ ಶಾಲೆಯ ಡೊಮೇನ್. ನಡುವೆ ‘ರಿಲೇ=ಲೋಕಲ್’, ಅಂದರೆ ಇದೇ ಯಂತ್ರದೊಳಗೆ ಕೊಟ್ಟದ್ದು. ಬಲಗಡೆ ತುದಿಯಲ್ಲಿ, ಮೇಲನ್ನು ಕೊಟ್ಟ ಕಮಾಂಡ್: ‘ಮೇಲ್‌ಮ್ಯಾನ್ ಪೋಸ್ಟ್ ಸುದ್ದಿ’. ಅಷ್ಟೇ. ಎಡಗಡೆ ಇದ್ದ ಡೊಮೇನ್ ಬಲಗಡೆಗೆ ಬರುವಾಗ ಕಳಚಿ ಹೋಗಿದೆ. ಶಾಲೆಯ ಮೇಲ್ ಗ್ರಂಥಾಲಯದ ಲಿಸ್ಟಿಗೆ ದಾರಿ ತಪ್ಪಿ ಹೋದದ್ದಲ್ಲ. ಸರ್ವರ್ ಹೇಳಿದ ಹಾಗೆಯೇ ಕೇಳಿದೆ.

ಕಾರಣ ಎರಡು ಕಡೆ ಇತ್ತು.

ಒಂದು ಪೋಸ್ಟ್‌ಫಿಕ್ಸ್‌ನಲ್ಲಿ. ಎರಡೂ ಡೊಮೇನ್‌ಗಳನ್ನು ‘ಮೈಡೆಸ್ಟಿನೇಶನ್’ ಸಾಲಿನಲ್ಲಿ ಬರೆದಿಟ್ಟಿದ್ದರು. ಆ ಸಾಲಿನಲ್ಲಿ ಇರುವ ಡೊಮೇನ್‌ಗಳೆಲ್ಲ ಪೋಸ್ಟ್‌ಫಿಕ್ಸ್‌ಗೆ ಲೋಕಲ್. ಲೋಕಲ್ ಅಂದಮೇಲೆ ಅದು ನೋಡುವುದು ವಿಳಾಸದ ಮುಂಭಾಗವನ್ನು, ಅಂದರೆ ‘@’ಗಿಂತ ಮೊದಲಿನದ್ದನ್ನು ಮಾತ್ರ. ಯಾವ ಹೆಸರಿನ ಮೇಲ್ ಎಲ್ಲಿಗೆ ಅಂತ ಹೇಳುವ ಅಲಿಯಾಸ್ ಫೈಲಿನಲ್ಲೂ ಇರುವುದು ಮುಂಭಾಗ ಮಾತ್ರ. ಕಾಸರಗೋಡಿನ ಹಳ್ಳಿಗಳಲ್ಲಿ ಮನೆಗಳಿಗೆ ಹೆಸರು ಇರುತ್ತದಲ್ಲ, ಒಂದೇ ಮನೆಹೆಸರು ಎರಡು ಗ್ರಾಮಗಳಲ್ಲಿ ಇರುವುದೂ ಉಂಟು. ಪೋಸ್ಟ್‌ಮ್ಯಾನ್ ಗ್ರಾಮದ ಹೆಸರನ್ನು ಬೆರಳಿನಿಂದ ಮುಚ್ಚಿಕೊಂಡು ಕಾಗದ ಹಂಚಿದರೆ ಹೇಗೋ ಹಾಗೆ.

ಇನ್ನೊಂದು ಮೇಲ್‌ಮ್ಯಾನ್ 2ರಲ್ಲಿ. ಅದರಲ್ಲಿ ಒಂದು ಇನ್‌ಸ್ಟಾಲೇಶನ್‌ಗೆ ಒಂದು ಹೆಸರಿನ ಲಿಸ್ಟ್ ಒಂದೇ, ಡೊಮೇನ್ ಎಷ್ಟಾದರೂ ಇರಲಿ. ಅದರ ಕಾನ್ಫಿಗ್ ಫೈಲಿನಲ್ಲಿ ‘ಆ್ಯಡ್ ವರ್ಚುವಲ್‌ಹೋಸ್ಟ್’ ಅನ್ನುವ ಸಾಲು ಹಾಕಬಹುದು, ಹಿಂದಿನವರು ಹಾಕಿಯೂ ಇದ್ದರು. ಆ ಸಾಲು ಮಾಡುವ ಕೆಲಸ ಜಾಸ್ತಿ ಏನಿಲ್ಲ. ಯಾವ ವೆಬ್ ವಿಳಾಸಕ್ಕೆ ಯಾವ ಮೇಲ್ ಡೊಮೇನ್ ಅಂತ ಜೋಡಿಸುತ್ತದೆ, ಪುಟದಲ್ಲಿ ಆಯಾ ಡೊಮೇನಿನ ಲಿಸ್ಟ್ ಮಾತ್ರ ತೋರಿಸುತ್ತದೆ. ನೋಡುವವರಿಗೆ ಎರಡು ಬೇರೆ ಬೇರೆ ಸಂಸಾರ ಅನ್ನಿಸುತ್ತದೆ, ಒಳಗೆ ಒಂದೇ ಅಡುಗೆಮನೆ. ಶಾಲೆಯ ಪುಟ ಖಾಲಿ ಇದ್ದೂ ‘ಸುದ್ದಿ’ ಆಗಲೇ ಇದೆ ಅಂತ ಹೇಳಿದ್ದು ಇದಕ್ಕೇ.

ಕೆಲವರ ಮೇಲ್ ಹೋಗಿ ಕೆಲವರದ್ದು ನಿಂತದ್ದು ಯಾಕೆ? ಶಾಲೆಯವರು ‘ಸುದ್ದಿ-ಜಾಯಿನ್’ ವಿಳಾಸಕ್ಕೆ ಖಾಲಿ ಮೇಲ್ ಕಳಿಸಿ ಸೇರಿಕೊಳ್ಳಿ ಅಂತ ಹಳೆ ವಿದ್ಯಾರ್ಥಿಗಳಿಗೆ ಹೇಳಿದ್ದರು. ಹಾಗೆ ಮಾಡಿದವರು ಸೇರಿದ್ದು ಗ್ರಂಥಾಲಯದ ಲಿಸ್ಟಿಗೆ. ದೃಢೀಕರಣದ ಮೇಲ್ ಗ್ರಂಥಾಲಯದ ಹೆಸರಲ್ಲೇ ಬಂದಿದೆ, ಹೆಚ್ಚಿನವರು ಓದದೆ ಒತ್ತಿದ್ದಾರೆ. ಸದಸ್ಯರಾದ್ದರಿಂದ ಅವರ ಮೇಲ್ ನೇರ ಒಳಗೆ ಹೋಯಿತು. ಸೇರದವರ ಮೇಲ್ ಮಾಡರೇಟರ್ ಒಪ್ಪಿಗೆಗೆ ನಿಂತಿತು. ಮಾಡರೇಟರ್ ಯಾರು? ನಮ್ಮ ಮಾಷ್ಟ್ರು. ಗುರುತಿಲ್ಲದ ಹೆಸರು ಕಂಡರೆ ಅವರು ಒಪ್ಪಿಗೆ ಕೊಡುವ ಪೈಕಿ ಅಲ್ಲ.

ಮೇಲ್‌ಮ್ಯಾನ್‌ನಲ್ಲಿ ಇದನ್ನು ಹಿಡಿಯಬಹುದಾಗಿದ್ದ ಒಂದು ತಪಾಸಣೆ ಇದೆ. ‘ಟು’ ಅಥವಾ ‘ಸಿಸಿ’ಯಲ್ಲಿ ಲಿಸ್ಟಿನ ವಿಳಾಸ ಇಲ್ಲದಿದ್ದರೆ ಮೇಲನ್ನು ತಡೆಯುತ್ತದೆ. ಆದರೆ 2.1ರಲ್ಲಿ ಆ ತಪಾಸಣೆಗೂ ವಿಳಾಸದ ಮುಂಭಾಗ ಹೊಂದಿದರೆ ಸಾಕು. ಹಾಗಾಗಿ ಅಲ್ಲೂ ಸಿಕ್ಕಿಬೀಳಲಿಲ್ಲ.

ತಾತ್ಕಾಲಿಕ ಪರಿಹಾರ

ವಾರ್ಷಿಕೋತ್ಸವ ಹತ್ತಿರ ಇತ್ತು. ಮೊದಲು ಎರಡನ್ನೂ ಬೇರೆ ಮಾಡಬೇಕಿತ್ತು. ಶಾಲೆಗೆ ‘ಶಾಲೆ-ಸುದ್ದಿ’ ಅನ್ನುವ ಬೇರೆ ಲಿಸ್ಟ್ ಮಾಡಿದೆ. ಶಾಲೆಯ ಡೊಮೇನನ್ನು ಮೈಡೆಸ್ಟಿನೇಶನ್‌ನಿಂದ ತೆಗೆದು ‘ವರ್ಚುವಲ್ ಅಲಿಯಾಸ್ ಡೊಮೇನ್ಸ್’ಗೆ ಹಾಕಿದೆ. ಅಲ್ಲಿ ಪೂರ್ತಿ ವಿಳಾಸ ನೋಡಿ ಮೇಲನ್ನು ಬೇರೆ ವಿಳಾಸಕ್ಕೆ ತಿರುಗಿಸುತ್ತದೆ. ತೆಗೆಯದೆ ಎರಡೂ ಕಡೆ ಇಟ್ಟರೆ ಪೋಸ್ಟ್‌ಫಿಕ್ಸ್ ನಿಲ್ಲುವುದಿಲ್ಲ, ಲಾಗ್‌ನಲ್ಲಿ ಎಚ್ಚರಿಕೆಯ ಸಾಲು ಬರೆದು ಸುಮ್ನೆ ಮುಂದೆ ಹೋಗುತ್ತದೆ. ಆ ಎಚ್ಚರಿಕೆಯನ್ನು ಓದುವವರು ಕಡಿಮೆ.

ಮೇಲ್‌ಮ್ಯಾನ್ 2 ಒಂದು ಲಿಸ್ಟಿಗೆ ಹತ್ತು ವಿಳಾಸ ಬಳಸುತ್ತದೆ. ಮೇಲ್ ಹಾಕುವ ವಿಳಾಸ ಒಂದು, ಅದಕ್ಕೆ ‘-ಬೌನ್ಸಸ್’, ‘-ಕನ್ಫರ್ಮ್’, ‘-ರಿಕ್ವೆಸ್ಟ್’, ‘-ಓನರ್’ ಅಂತೆಲ್ಲ ಬಾಲ ಕಟ್ಟಿದವು ಉಳಿದವು. ವರ್ಚುವಲ್ ಡೊಮೇನ್ ಆದರೆ ಇವೆಲ್ಲಕ್ಕೂ ಮ್ಯಾಪ್‌ನಲ್ಲಿ (ಯಾವ ವಿಳಾಸ ಎಲ್ಲಿಗೆ ಅನ್ನುವ ಪಟ್ಟಿ) ಸಾಲು ಬೇಕು. ‘ಪೋಸ್ಟ್‌ಫಿಕ್ಸ್ ಸ್ಟೈಲ್ ವರ್ಚುವಲ್ ಡೊಮೇನ್ಸ್’ ಅನ್ನುವಲ್ಲಿ ಡೊಮೇನ್ ಬರೆದು ‘ಜೆನ್‌ಅಲಿಯಾಸಸ್’ ಕಮಾಂಡ್ ಓಡಿಸಿದರೆ ಅದೇ ಬರೆದುಕೊಡುತ್ತದೆ. ಶಾಲೆಯವರ ಆಹ್ವಾನ ಪತ್ರಿಕೆಯಲ್ಲಿ ಬರೀ ‘ಸುದ್ದಿ’ ವಿಳಾಸ ಅಚ್ಚಾಗಿತ್ತು. ಅದನ್ನು ಹೊಸ ಲಿಸ್ಟಿಗೆ ತಿರುಗಿಸುವ ಸಾಲು ನಾನೇ ಕೈಯಲ್ಲಿ ಬರೆದೆ.

ಆಗ ಮೊದಲು ಹೇಳಿದ ತಪಾಸಣೆ ಎದ್ದು ಕೂತಿತು. ವರ್ಚುವಲ್ ಮ್ಯಾಪ್ ಬದಲಿಸುವುದು ಲಕೋಟೆಯ ವಿಳಾಸವನ್ನು, ಅಂದರೆ ಸರ್ವರ್‌ಗಳು ಮೇಲ್ ಸಾಗಿಸಲು ನೋಡುವುದನ್ನು. ಮೇಲ್ ಒಳಗಿನ ‘ಟು’ ಸಾಲು ಹಾಗೇ ಇರುತ್ತದೆ. ‘ಟು’ನಲ್ಲಿ ‘ಸುದ್ದಿ’, ಲಿಸ್ಟಿನ ಹೆಸರು ‘ಶಾಲೆ-ಸುದ್ದಿ’. ಈಗ ಮುಂಭಾಗ ಹೊಂದುವುದಿಲ್ಲ, ಹಾಗಾಗಿ ಬಂದ ಮೇಲ್‌ಗಳಿಗೆಲ್ಲ ತಡೆ. ಲಿಸ್ಟಿನ ಸೆಟ್ಟಿಂಗ್‌ನಲ್ಲಿ ‘ಆ್ಯಕ್ಸೆಪ್ಟಬಲ್ ಅಲಿಯಾಸಸ್’ ಅಂತ ಒಂದು ಜಾಗ ಇದೆ. ಅಲ್ಲಿ ಹಳೆಯ ವಿಳಾಸ ಬರೆದ ಮೇಲೆ ಸರಿಯಾಯಿತು. ಲಿಸ್ಟಿಗೆ ಅಲಿಯಾಸ್ ಕೊಡುವವರು ಹೆಚ್ಚಾಗಿ ಮರೆಯುವುದು ಇದನ್ನೇ.

ಕೆಲಸ ನಡೆಯಿತು, ಆದರೆ ಚೆಂದ ಇರಲಿಲ್ಲ. ಕಳಿಸುವುದು ಒಂದು ವಿಳಾಸಕ್ಕೆ, ಉತ್ತರ ಹೋಗುವುದು ಇನ್ನೊಂದಕ್ಕೆ. “ನಮ್ಮ ಹೆಸರು ಯಾಕೆ ಬದಲಾಯಿಸಿದ್ದು?” ಅಂತ ಟೀಚರ್ ಕೇಳಿದರು. ನ್ಯಾಯದ ಪ್ರಶ್ನೆಯೇ.

ಶಾಶ್ವತ ದಾರಿ

ಒಂದೇ ಯಂತ್ರದಲ್ಲಿ ಮೇಲ್‌ಮ್ಯಾನ್ 2ನ್ನು ಎರಡು ಸಲ ಇನ್‌ಸ್ಟಾಲ್ ಮಾಡಿ, ಡೊಮೇನ್‌ಗೆ ಒಂದೊಂದು ಕೊಡಬಹುದಿತ್ತು. ನನಗೆ ಅದು ಬೇಡ ಅನ್ನಿಸಿತು. 2.1 ಓಡುವುದು ಪೈಥಾನ್ 2 ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ಮುಗಿದಿದೆ. ಡೆಬಿಯನ್ ಲಿನಕ್ಸ್‌ನಲ್ಲಿ 11ನೇ ಆವೃತ್ತಿಯಿಂದ ಈಚೆಗೆ ಮೇಲ್‌ಮ್ಯಾನ್ 2ರ ಪ್ಯಾಕೇಜೇ ಇಲ್ಲ. ಅಂಥದ್ದನ್ನು ಇಂಟರ್‌ನೆಟ್‌ಗೆ ತೆರೆದಿಟ್ಟ ಸರ್ವರ್‌ನಲ್ಲಿ ಒಂದರ ಬದಲು ಎರಡು ಮಾಡುವುದು ಯಾಕೆ?

ಮೇಲ್‌ಮ್ಯಾನ್ 3 ಬಂದದ್ದು 2015ರಲ್ಲಿ. ಅದರಲ್ಲಿ ಲಿಸ್ಟಿನ ಗುರುತು ಪೂರ್ತಿ ವಿಳಾಸ. ಮೊದಲು ಡೊಮೇನ್ ಸೃಷ್ಟಿಸಬೇಕು, ಆಮೇಲೆ ಅದರೊಳಗೆ ಲಿಸ್ಟ್. ಗ್ರಂಥಾಲಯದ ‘ಸುದ್ದಿ’ ಬೇರೆ, ಶಾಲೆಯ ‘ಸುದ್ದಿ’ ಬೇರೆ, ಒಂದಕ್ಕೊಂದು ತಾಗುವುದಿಲ್ಲ. ಮೇಲ್ ಕೊಡುವ ಕ್ರಮವೂ ಬದಲಾಗಿದೆ. ಅಲಿಯಾಸ್ ಫೈಲಿನ ಕಮಾಂಡ್ ಇಲ್ಲ. ಅದೇ ಯಂತ್ರದ 8024ನೇ ಪೋರ್ಟ್‌ನಲ್ಲಿ ಎಲ್‌ಎಮ್‌ಟಿಪಿ (ತಂತ್ರಾಂಶದಿಂದ ತಂತ್ರಾಂಶಕ್ಕೆ ಮೇಲ್ ಹಸ್ತಾಂತರಿಸುವ ಒಂದು ಕ್ರಮ) ಮೂಲಕ ಮೇಲನ್ನು ಕೈಗೆ ಕೊಡಬೇಕು. ಯಾವ ವಿಳಾಸಗಳನ್ನು ಹಾಗೆ ಕೊಡಬೇಕು ಅನ್ನುವ ಟ್ರಾನ್ಸ್‌ಪೋರ್ಟ್ ಪಟ್ಟಿಯನ್ನು ಮೇಲ್‌ಮ್ಯಾನೇ ಬರೆಯುತ್ತದೆ. ಪ್ರತಿ ಸಾಲಿನಲ್ಲೂ ಡೊಮೇನ್ ಸಮೇತ ಪೂರ್ತಿ ವಿಳಾಸ ಇರುತ್ತದೆ. ಹಳೆಯ ಲಾಗ್‌ನಲ್ಲಿ ಕಳಚಿ ಹೋಗುತ್ತಿದ್ದದ್ದು ಇಲ್ಲಿ ಕೊನೆವರೆಗೂ ಉಳಿಯುತ್ತದೆ.

ಲಿಸ್ಟಿನ ಕಡೆ ಇಷ್ಟು ಸುಲಭ ಇದ್ದರೂ ಪೋಸ್ಟ್‌ಫಿಕ್ಸ್ ಕಡೆ ಕೂತು ಯೋಚನೆ ಮಾಡಲೇಬೇಕು. ಪೋಸ್ಟ್‌ಫಿಕ್ಸ್ ವಿಳಾಸಗಳನ್ನು ಐದು ವರ್ಗ ಮಾಡುತ್ತದೆ: ಲೋಕಲ್, ವರ್ಚುವಲ್ ಅಲಿಯಾಸ್, ವರ್ಚುವಲ್ ಮೇಲ್‌ಬಾಕ್ಸ್, ರಿಲೇ (ಮೇಲನ್ನು ಇನ್ನೊಂದು ಕಡೆಗೆ ದಾಟಿಸುವುದು), ಮತ್ತೆ ಇವು ಯಾವುದೂ ಅಲ್ಲದ ಹೊರಗಿನವು. ಒಂದು ಡೊಮೇನ್ ಒಂದೇ ವರ್ಗದಲ್ಲಿ ಇರಬೇಕು. ನನ್ನ ಅನುಭವದಲ್ಲಿ ವರ್ಚುವಲ್ ಡೊಮೇನಿನ ತಕರಾರುಗಳಲ್ಲಿ ಹೆಚ್ಚಿನವು ಬರುವುದು ಇದನ್ನು ಮೊದಲೇ ತೀರ್ಮಾನ ಮಾಡದೆ, ಸಿಕ್ಕಿದ ಉದಾಹರಣೆಗಳನ್ನು ಒಂದರ ಮೇಲೆ ಒಂದು ಅಂಟಿಸುವುದರಿಂದ.

ಗ್ರಂಥಾಲಯದ್ದು ಸರಳ. ಆ ಡೊಮೇನ್‌ನಲ್ಲಿ ಯಾರಿಗೂ ಮೇಲ್‌ಬಾಕ್ಸ್ ಇಲ್ಲ, ಲಿಸ್ಟ್ ಮಾತ್ರ. ಮೈಡೆಸ್ಟಿನೇಶನ್‌ನಿಂದ ತೆಗೆದು ರಿಲೇ ಡೊಮೇನ್ ಮಾಡಿದರೆ ಮುಗಿಯಿತು. ಮೇಲ್‌ಮ್ಯಾನ್ ಬರೆಯುವ ಡೊಮೇನ್ ಪಟ್ಟಿಯನ್ನೇ ‘ರಿಲೇ ಡೊಮೇನ್ಸ್’ಗೆ ಕೊಡಿ ಅಂತ ಅದರ ಕೈಪಿಡಿಯೂ ಹೇಳುತ್ತದೆ.

ಶಾಲೆಯದ್ದು ಹಾಗಲ್ಲ. ಆಫೀಸಿಗೆ, ಹೆಡ್‌ಮಿಸ್ಟ್ರೆಸ್‌ಗೆ, ಪಿಟಿಎಗೆ ಅದೇ ಡೊಮೇನ್‌ನಲ್ಲಿ ಮೇಲ್‌ಬಾಕ್ಸ್ ಉಂಟು, ಮೇಲ್‌ಬಾಕ್ಸ್ ನೋಡಿಕೊಳ್ಳುವ ಡವ್‌ಕಾಟ್ ಅನ್ನುವ ತಂತ್ರಾಂಶದಲ್ಲಿ. ಹಾಗಾಗಿ ಅದು ವರ್ಚುವಲ್ ಮೇಲ್‌ಬಾಕ್ಸ್ ಡೊಮೇನ್. ಮೇಲ್‌ಮ್ಯಾನ್‌ನ ಪಟ್ಟಿಯನ್ನು ಕೈಪಿಡಿಯಲ್ಲಿ ಹೇಳಿದ ಹಾಗೆ ಕಣ್ಣುಮುಚ್ಚಿ ಕೊಟ್ಟರೆ ಶಾಲೆಯ ಡೊಮೇನ್ ರಿಲೇಯಲ್ಲೂ ಬರುತ್ತದೆ, ಮೇಲ್‌ಬಾಕ್ಸ್‌ನಲ್ಲೂ ಬರುತ್ತದೆ. ಮತ್ತೆ ಅದೇ ಎಚ್ಚರಿಕೆಯ ಸಾಲು, ಹೆಸರು ಮಾತ್ರ ಬೇರೆ.

ನನಗೆ ಇಷ್ಟ ಇದ್ದದ್ದು ಲಿಸ್ಟುಗಳಿಗೇ ಒಂದು ಸಬ್‌ಡೊಮೇನ್ ಕೊಡುವುದು. ಮೇಲ್‌ಬಾಕ್ಸ್ ಮುಖ್ಯ ಡೊಮೇನ್‌ನಲ್ಲಿ, ಲಿಸ್ಟ್ ಸಬ್‌ಡೊಮೇನ್‌ನಲ್ಲಿ, ಯಾವ ಗೊಂದಲವೂ ಇಲ್ಲ. ಹೊಸದಾಗಿ ಶುರು ಮಾಡುವವರಿಗೆ ಈಗಲೂ ಅದನ್ನೇ ಹೇಳುತ್ತೇನೆ. ಆದರೆ “ಅಷ್ಟು ಉದ್ದದ ವಿಳಾಸ ಫೋನಿನಲ್ಲಿ ಹೇಳಿಕೊಡುವುದು ಹೇಗೆ?” ಅಂದರು ಟೀಚರ್. ಅಚ್ಚಾದ ಕಾರ್ಡುಗಳೂ ಇದ್ದವು. ಒಪ್ಪಲೇಬೇಕಾಯಿತು.

ಕೊನೆಗೆ ಮಾಡಿದ್ದು ಹೀಗೆ. ‘ರಿಲೇ ಡೊಮೇನ್ಸ್’ನಲ್ಲಿ ಗ್ರಂಥಾಲಯದ ಹೆಸರನ್ನು ಮಾತ್ರ ಕೈಯಲ್ಲಿ ಬರೆದೆ, ಮೇಲ್‌ಮ್ಯಾನ್‌ನ ಡೊಮೇನ್ ಪಟ್ಟಿಯನ್ನು ಬಳಸಲಿಲ್ಲ. ಟ್ರಾನ್ಸ್‌ಪೋರ್ಟ್ ಪಟ್ಟಿ ಎರಡೂ ಡೊಮೇನ್‌ಗೆ ಒಂದೇ. ಅದರಲ್ಲಿ ಪೂರ್ತಿ ವಿಳಾಸ ಇರುವುದರಿಂದ ಶಾಲೆಯ ಲಿಸ್ಟ್ ಮೇಲ್ ಮಾತ್ರ ಮೇಲ್‌ಮ್ಯಾನ್‌ಗೆ ಹೋಗುತ್ತದೆ, ಆಫೀಸಿನ ಮೇಲ್ ಡವ್‌ಕಾಟ್‌ಗೆ ಹೋಗುತ್ತದೆ. ಆದರೆ ಅದಕ್ಕೂ ಮೊದಲು, ಈ ವಿಳಾಸ ಇದೆಯಾ ಅಂತ ಪೋಸ್ಟ್‌ಫಿಕ್ಸ್ ಬಾಗಿಲಲ್ಲೇ ಕೇಳುತ್ತದೆ. ಡವ್‌ಕಾಟ್‌ಗೆ ‘ಸುದ್ದಿ’ ಅನ್ನುವ ಬಳಕೆದಾರ ಇಲ್ಲ. ಹಾಗಾಗಿ ಮೇಲ್‌ಬಾಕ್ಸ್ ಟೇಬಲ್‌ನಲ್ಲಿ ಇಂಥ ಬಳಕೆದಾರ ಇಲ್ಲ ಅಂತ 550 ಅನ್ನುವ ತಿರಸ್ಕಾರದ ಸಂಕೇತ ಕೊಟ್ಟು ವಾಪಸ್ ಕಳಿಸುತ್ತದೆ. ಅದಕ್ಕೆ ಅದೇ ಟ್ರಾನ್ಸ್‌ಪೋರ್ಟ್ ಪಟ್ಟಿಯನ್ನು ‘ವರ್ಚುವಲ್ ಮೇಲ್‌ಬಾಕ್ಸ್ ಮ್ಯಾಪ್ಸ್’ನಲ್ಲೂ ಸೇರಿಸಿದೆ. ಆ ತಪಾಸಣೆಗೆ ಸಾಲಿನ ಬಲಗಡೆ ಏನಿದ್ದರೂ ಆಗುತ್ತದೆ, ಎಡಗಡೆ ವಿಳಾಸ ಇದ್ದರೆ ಸಾಕು.

ಇಲ್ಲಿಗೆ ಮುಗಿಯಿತು ಅನ್ನುವಾಗ ಇನ್ನೊಂದು. ಗ್ರಂಥಾಲಯದ ‘ಸುದ್ದಿ’ ಚೆನ್ನಾಗಿ ಹೋಗುತ್ತಿದೆ, ಶಾಲೆಯ ‘ಸುದ್ದಿ’ಗೆ ಹಾಕಿದ್ದೆಲ್ಲ ಆಫೀಸಿನ ಮೇಲ್‌ಬಾಕ್ಸ್‌ನಲ್ಲಿ ಬಿದ್ದಿದೆ.

ಹಳೆಯ ವ್ಯವಸ್ಥೆಯಲ್ಲಿ ‘ಲೂಸರ್ ರಿಲೇ’ ಅಂತ ಒಂದು ಸಾಲು ಇತ್ತು. ಗೊತ್ತಿಲ್ಲದ ಹೆಸರಿಗೆ ಬಂದ ಮೇಲ್ ಆಫೀಸಿಗೆ ಹೋಗಲಿ ಅಂತ. ಪೋಷಕರು ವಿಳಾಸ ತಪ್ಪಾಗಿ ಬರೆದರೂ ಮೇಲ್ ಕಳೆದುಹೋಗಬಾರದು ಅನ್ನುವುದು ಶಾಲೆಯ ಆಸೆ. (ಎರಡೂ ಡೊಮೇನ್ ಲೋಕಲ್ ಆಗಿದ್ದಷ್ಟು ಕಾಲ ಗ್ರಂಥಾಲಯದ ವಿಳಾಸ ತಪ್ಪಾಗಿ ಬರೆದ ಮೇಲ್ ಕೂಡ ಶಾಲೆಯ ಆಫೀಸಿಗೇ ಹೋಗುತ್ತಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ.) ಲೋಕಲ್ ಅಲ್ಲದ ಡೊಮೇನ್‌ಗೆ ಲೂಸರ್ ರಿಲೇ ಕೆಲಸ ಮಾಡುವುದಿಲ್ಲ. ಹಾಗಾಗಿ ಶಾಲೆಯ ಒತ್ತಾಯಕ್ಕೆ ವರ್ಚುವಲ್ ಅಲಿಯಾಸ್ ಮ್ಯಾಪ್‌ನಲ್ಲಿ ಡೊಮೇನಿಗೆಲ್ಲ ಅನ್ವಯಿಸುವ ಒಂದು ಕ್ಯಾಚ್‌ಆಲ್ ಸಾಲು ಹಾಕಿತ್ತು. ಎರಡೂ ಕಣ್ಣಿಗೆ ಒಂದೇ ಥರ ಕಂಡರೂ ಕೆಲಸ ಮಾಡುವ ಹೊತ್ತು ಬೇರೆ. ಲೂಸರ್ ರಿಲೇ ಬರುವುದು ಎಲ್ಲ ಹುಡುಕಿ ಸೋತ ಮೇಲೆ, ಕಟ್ಟಕಡೆಗೆ. ವರ್ಚುವಲ್ ಅಲಿಯಾಸ್ ಮ್ಯಾಪ್ ಬರುವುದು ಎಲ್ಲಕ್ಕಿಂತ ಮೊದಲು, ಯಾವ ವರ್ಗದ ವಿಳಾಸ ಆದರೂ. ಟ್ರಾನ್ಸ್‌ಪೋರ್ಟ್ ಪಟ್ಟಿ ನೋಡುವ ಮೊದಲೇ ‘ಸುದ್ದಿ’ಯನ್ನು ಕ್ಯಾಚ್‌ಆಲ್ ನುಂಗಿ ಆಗಿದೆ.

ಪ್ರತಿ ಲಿಸ್ಟ್ ವಿಳಾಸವನ್ನೂ ಅದಕ್ಕೇ ತಿರುಗಿಸುವ ಸಾಲು ಬರೆದು ಕ್ಯಾಚ್‌ಆಲ್ ಉಳಿಸಬಹುದು. ಹೊಸ ಲಿಸ್ಟ್ ಮಾಡಿದಾಗಲೆಲ್ಲ ನೆನಪಿಟ್ಟು ಬರೆಯುವವರು ಯಾರು? ಮೇಲಾಗಿ ಕ್ಯಾಚ್‌ಆಲ್ ಇದ್ದರೆ ಲೋಕದ ಸ್ಪ್ಯಾಮ್ ಎಲ್ಲ ಆಫೀಸಿಗೆ. ತೆಗೆದು ಹಾಕಿದೆ. ಜನ ನಿಜವಾಗಿ ತಪ್ಪುವುದು ಎಲ್ಲಿ ಅಂತ ಲಾಗ್ ನೋಡಿ, ಇಂಗ್ಲಿಷ್ ಅಕ್ಷರದಲ್ಲಿ ‘ಸುದ್ದಿ’ ಬರೆಯುವಾಗ ಒಂದು ‘ಎಚ್’ ಜಾಸ್ತಿ ಹಾಕುವವರಿಗೆ ಒಂದು ಅಲಿಯಾಸ್ ಕೊಟ್ಟೆ, ಆ್ಯಕ್ಸೆಪ್ಟಬಲ್ ಅಲಿಯಾಸಸ್‌ನಲ್ಲೂ ಬರೆದೆ. ಟೀಚರ್ ಒಪ್ಪಿದರು.

ಪರೀಕ್ಷೆಗೆ ಹೆಚ್ಚು ಬಳಸಿದ್ದು ‘ಪೋಸ್ಟ್‌ಮ್ಯಾಪ್ -ಕ್ಯೂ’ ಕಮಾಂಡ್. ಒಂದು ವಿಳಾಸ ಕೊಟ್ಟು ಒಂದೊಂದೇ ಪಟ್ಟಿಗೆ ಕೇಳುತ್ತಾ ಹೋಗಬಹುದು. ಮೊದಲು ವರ್ಚುವಲ್ ಅಲಿಯಾಸ್, ಆಮೇಲೆ ಮೇಲ್‌ಬಾಕ್ಸ್ ಪಟ್ಟಿ, ಆಮೇಲೆ ಟ್ರಾನ್ಸ್‌ಪೋರ್ಟ್. ಕ್ಯಾಚ್‌ಆಲ್ ಸಾಲು ಮಾತ್ರ ಹೀಗೆ ಸಿಗುವುದಿಲ್ಲ, ಯಾಕೆಂದರೆ ಪಟ್ಟಿಯಲ್ಲಿ ಅದು ಬರೀ ‘@’ ಮತ್ತು ಡೊಮೇನ್ ಆಗಿ ಇರುತ್ತದೆ. ಅದನ್ನು ಹಾಗೆಯೇ ಕೇಳಬೇಕು. ಕೊನೆಗೆ ಎರಡೂ ‘ಸುದ್ದಿ’ಗೆ ಮೇಲ್ ಹಾಕಿ, ಬಂದ ಮೇಲ್‌ನ ಹೆಡರ್‌ನಲ್ಲಿ ‘ಲಿಸ್ಟ್-ಐಡಿ’ ನೋಡಿದೆ. ಲಿಸ್ಟಿನ ಹೆಸರು, ಚುಕ್ಕೆ, ಡೊಮೇನ್. ಎರಡರಲ್ಲೂ ಅವರವರದ್ದೇ ಇತ್ತು.

ಹೊರಗೆ ಹೋಗುವ ಮೇಲ್

ಲಿಸ್ಟಿನಿಂದ ಹೊರಡುವ ಮೇಲ್‌ನ ಲಕೋಟೆಯಲ್ಲಿ ಕಳಿಸಿದವರ ವಿಳಾಸ ‘ಸುದ್ದಿ-ಬೌನ್ಸಸ್’, ಆಯಾ ಡೊಮೇನಿನದ್ದು. ಎಸ್‌ಪಿಎಫ್ (ಒಂದು ಡೊಮೇನಿನ ಮೇಲನ್ನು ಯಾವ ಸರ್ವರ್ ಕಳಿಸಬಹುದು ಅನ್ನುವ ತಪಾಸಣೆ) ನೋಡುವುದು ಆ ಡೊಮೇನನ್ನು. ಹಾಗಾಗಿ ಎರಡಕ್ಕೂ ಬೇರೆ ಬೇರೆ ಎಸ್‌ಪಿಎಫ್ ದಾಖಲೆ, ಬೇರೆ ಬೇರೆ ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ದಾಖಲೆ ಬೇಕು. ರಿವರ್ಸ್ ಡಿಎನ್‌ಎಸ್ (ಐಪಿ ವಿಳಾಸದಿಂದ ಹೆಸರು ಹೇಳುವುದು) ಹಾಗಲ್ಲ, ಅದು ಯಂತ್ರದ ಹೆಸರಿಗೆ ಒಂದಿದ್ದರೆ ಸಾಕು.

ಯಾಹೂ ವಿಳಾಸ ಇಟ್ಟುಕೊಂಡ ಹಿರಿಯರು ಗ್ರಂಥಾಲಯದ ಲಿಸ್ಟಿನಲ್ಲಿ ಇದ್ದಾರೆ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡಿಮಾರ್ಕ್ ನೀತಿಯನ್ನು (ಈ ತಪಾಸಣೆಗಳಲ್ಲಿ ಸೋತ ಮೇಲನ್ನು ಏನು ಮಾಡಬೇಕು ಅನ್ನುವ ಸೂಚನೆ) ‘ರಿಜೆಕ್ಟ್’ ಮಾಡಿತು. ಆವತ್ತಿನಿಂದ ಯಾಹೂನವರು ಲಿಸ್ಟಿಗೆ ಬರೆದರೆ, ಲಿಸ್ಟ್ ಸಬ್ಜೆಕ್ಟ್‌ಗೋ ಅಡಿಬರಹಕ್ಕೋ ಕೈ ಹಾಕಿ ಸಹಿ ಕೆಡಿಸಿದರೆ, ಜಿಮೇಲ್‌ನಂಥವು ಅದನ್ನು ಒಳಗೆ ಬಿಡುವುದಿಲ್ಲ. ತಮಾಷೆ ಏನೆಂದರೆ ಏಟು ತಿನ್ನುವುದು ಬರೆದವರಲ್ಲ, ಜಿಮೇಲ್‌ನಲ್ಲಿ ಓದುವವರು. ಅವರ ಲೆಕ್ಕಕ್ಕೆ ಬೌನ್ಸ್ (ತಲುಪದೆ ವಾಪಸಾದ ಮೇಲ್) ಬಿದ್ದು, ಕೊನೆಗೆ ಅವರ ಸದಸ್ಯತ್ವವೇ ನಿಲ್ಲುತ್ತದೆ. ಮೇಲ್‌ಮ್ಯಾನ್‌ನ ಡಿಮಾರ್ಕ್ ಸೆಟ್ಟಿಂಗ್‌ನಲ್ಲಿ ‘ಫ್ರಮ್’ ವಿಳಾಸವನ್ನು ಲಿಸ್ಟಿನ ವಿಳಾಸ ಮಾಡು ಅಂತ ಹೇಳಿದೆ. ವರ್ಚುವಲ್ ಡೊಮೇನ್ ಸರಿಯಾಗಿ ಬೇರೆ ಆಗದಿದ್ದರೆ ಇಲ್ಲೂ ಶಾಲೆಯವರ ಮೇಲ್ ಗ್ರಂಥಾಲಯದ ಹೆಸರಲ್ಲಿ ಹೋಗುತ್ತಿತ್ತು.

ಕನ್ನಡದ ವಿಷಯಕ್ಕೆ ಒಂದು ಮಾತು. ಹಳೆಯ ಲಿಸ್ಟಿನ ಅಡಿಬರಹದಲ್ಲಿ ‘ಸುದ್ದಿ’ ಅಂತ ಬರೆದಿದ್ದರೂ ಸದಸ್ಯರಿಗೆ ‘&#3256;&#3265;’ ಅಂತ ಶುರುವಾಗುವ ಅಂಕಿಗಳ ಸಾಲು ಕಾಣುತ್ತಿತ್ತು. 3256 ಅಂದರೆ ಯೂನಿಕೋಡ್‌ನಲ್ಲಿ ‘ಸ’, 3265 ಉಕಾರದ ಚಿಹ್ನೆ. ಮೇಲ್‌ಮ್ಯಾನ್ 2ರಲ್ಲಿ ಇಂಗ್ಲಿಷ್ ಪುಟದ ಅಕ್ಷರ ಸಂಕೇತ ಆಸ್ಕಿ. ಅದರಲ್ಲಿ ಕನ್ನಡ ಹಿಡಿಸದ್ದರಿಂದ ಬ್ರೌಸರ್ ಹೀಗೆ ಅಂಕಿ ಮಾಡಿ ಕಳಿಸುತ್ತಿತ್ತು. ಮೇಲ್‌ಮ್ಯಾನ್ 3ರಲ್ಲಿ ಯುಟಿಎಫ್-8 ಇರುವುದರಿಂದ ಆ ತೊಂದರೆ ಹೋಯಿತು. ಹಳೆಯ ಸೆಟ್ಟಿಂಗ್ ಫೈಲನ್ನು ‘ಇಂಪೋರ್ಟ್21’ ಕಮಾಂಡ್‌ನಲ್ಲಿ ಎಳೆದುಕೊಂಡ ಮೇಲೆ ಅಡಿಬರಹವನ್ನು ಹೊಸದಾಗಿ ಟೈಪ್ ಮಾಡಿದ್ದಾಯಿತು. ಪ್ರತಿ ತಿಂಗಳು 1ನೇ ತಾರೀಕು ಪಾಸ್‌ವರ್ಡ್ ಬರೆದು ಕಳಿಸುತ್ತಿದ್ದ ಹಳೆಯ ಪದ್ಧತಿಯೂ ಹೋಯಿತು. ‘ಇದೆಂತ ಮೇಲ್’ ಅಂತ ಆವತ್ತು ಬರುತ್ತಿದ್ದ ಫೋನುಗಳೂ ನಿಂತವು.

ಗ್ರಂಥಾಲಯದ ಹಳೆಯ ಸಂಗ್ರಹವನ್ನು ಹೊಸದಕ್ಕೆ ತಂದದ್ದಾಗಿದೆ. ಅದರಲ್ಲಿ ‘ನುಡಿ’, ‘ಬರಹ’ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬರೆದ ಮೇಲ್‌ಗಳು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿಯೇ ಉಳಿದಿವೆ. ಹುಡುಕಿದರೆ ಸಿಗುವುದಿಲ್ಲ. ಅವುಗಳನ್ನು ಪರಿವರ್ತನೆ ಮಾಡುವುದು ಬೇರೆ ಕೆಲಸ, ಮಾಷ್ಟ್ರು ಅದರ ಬೆನ್ನು ಹಿಡಿದಿದ್ದಾರೆ. ತಪ್ಪಿ ಗ್ರಂಥಾಲಯಕ್ಕೆ ಸೇರಿದ್ದ ಹಳೆ ವಿದ್ಯಾರ್ಥಿಗಳನ್ನು ಕೇಳದೆ ತೆಗೆಯುವುದು ಸರಿಯಲ್ಲ ಅಂತ ಎರಡೂ ಕಡೆಯವರು ಒಪ್ಪಿ, ಅವರಿಗೆಲ್ಲ ಒಂದು ಮೇಲ್ ಕಳಿಸಿದರು: ಯಾವುದರಲ್ಲಿ ಇರುತ್ತೀರಿ ಅಂತ. ಹೆಚ್ಚಿನವರು ಎರಡರಲ್ಲೂ ಉಳಿದರು. ‘ಶಾಲೆ-ಸುದ್ದಿ’ ವಿಳಾಸ ಈಗ ಬರೀ ಅಲಿಯಾಸ್. ಅದಕ್ಕೆ ಮೇಲ್ ಬರುವುದು ನಿಂತ ಮೇಲೆ ತೆಗೆಯುತ್ತೇನೆ.